ಇಪ್ಪತ್ತೈದು ಮಂಕರಿ ಕಲ್ಲು

ನಮ್ಮೂರಿನ ಹಳ್ಳಕ್ಕೆ ಹೆಸರಿಲ್ಲ. ಅದು ನನಗೆ ಗೊತ್ತಾದದ್ದು ತಹಶೀಲ್ದಾರರಿಗೆ ಅರ್ಜಿ ಬರೆಯಲು ಕೂತ ದಿನ. 'ವಿಷಯ' ಎಂದು ಬರೆದು, ಮುಂದೆ ಏನು ಬರೆಯಬೇಕೆಂದು ತೋಚದೆ ಅತ್ತೆಯನ್ನು ಕೇಳಿದೆ. "ಹಳ್ಳಕ್ಕೆ ಹಳ್ಳ ಅಂತಾರೆ ಕಣವ್ವ. ಅದ್ಕೇನು ತೊಟ್ಲಿಗ್ ಹಾಕಿ ನಾಮಕರಣ ಮಾಡ್ತಾರಾ?" ಎಂದು ಗದರಿದರು. ಕೊನೆಗೆ 'ನಮ್ಮ ಹಳ್ಳದ ಬಗ್ಗೆ' ಎಂದೇ ಬರೆದೆ. ಆ ಅರ್ಜಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಹೆಸರಿದ್ದರೂ ಅಲ್ಲಿಗೇ ಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಚನ್ನಪಟ್ಟಣದಿಂದ ಹೊಂಗನೂರಿನ ಕಡೆ ಹೋಗುವ ಬಸ್ಸಿನಿಂದ ಇಳಿದು ಒಂದಷ್ಟು ದೂರ ನಡೆದರೆ ನಮ್ಮೂರು. ಬಂಡೆಗುಡ್ಡದ ಮೇಲೆ ಬಿದ್ದ ಮಳೆನೀರೆಲ್ಲ ಇಳಿದು, ಹಳ್ಳವಾಗಿ ಹರಿದು, ಊರಿನ ಕೆಳಗಿನ ಕೆರೆಗೆ ಸೇರುತ್ತಿತ್ತು. ನಾನು ಮದುವೆಯಾಗಿ ಬಂದಾಗ ಹಳ್ಳದ ತುಂಬ ಮರಳಿತ್ತು. ಬೇಸಿಗೆಯಲ್ಲಿ ಮೇಲೆ ನೀರು ಕಾಣದಿದ್ದರೂ ಮೊಳಕೈ ಆಳ ಬಗೆದರೆ ತಿಳಿನೀರು ಬರುತ್ತಿತ್ತು. ಹಳ್ಳದ ದಡದಲ್ಲೇ ನಮ್ಮ ಹಿಪ್ಪುನೇರಳೆ ತೋಟ, ಅದರ ಮೂಲೆಯಲ್ಲೊಂದು ತೆರೆದ ಬಾವಿ. ಮರಳು ನೀರು ಹಿಡಿದಿಟ್ಟರೆ ಬಾವಿಗೆ ನೀರು, ಬಾವಿಯಲ್ಲಿ ನೀರಿದ್ದರೆ ಸೊಪ್ಪು, ಸೊಪ್ಪಿದ್ದರೆ ರೇಷ್ಮೆ ಹುಳು. ಇಷ್ಟು ಸರಳ ವಿಷಯ ನಮಗೆ ಅರ್ಥವಾದದ್ದು ಮರಳು ಹೋಗಲು ಶುರುವಾದ ಮೇಲೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಬೆಂಗಳೂರು ನಮ್ಮ ಕಡೆಗೆ ಬೆಳೆಯತೊಡಗಿತು. ಹೆದ್ದಾರಿಯ ಬದಿಯಲ್ಲಿ ಫ್ಯಾಕ್ಟರಿಗಳು, ಗೋದಾಮುಗಳು, ಕಾಂಪೌಂಡುಗಳು ಎದ್ದವು. ಅವೆಲ್ಲಕ್ಕೂ ಮರಳು ಬೇಕು. ಮೊದಲು ಟ್ರ್ಯಾಕ್ಟರು, ಆಮೇಲೆ ಲಾರಿ. ಎರಡು ಬೇಸಿಗೆಯಲ್ಲಿ ಹಳ್ಳದ ತಳ ಆಳುದ್ದ ಇಳಿಯಿತು. ದಡ ಕುಸಿದು ನಮ್ಮ ತೋಟದ ಒಂದು ಸಾಲು ಗಿಡ ಹಳ್ಳಕ್ಕೆ ಉರುಳಿತು. ಬಾವಿಯ ನೀರು ಎರಡು ಮೆಟ್ಟಿಲು ಕೆಳಗೆ ಹೋಯಿತು. ಆಗ ಊರಿನವರು ಸಮಿತಿ ಮಾಡಿದರು.

ಅಧ್ಯಕ್ಷರು ನಮ್ಮೂರಿನ ನಿವೃತ್ತ ಬಸ್ ಕಂಡಕ್ಟರ್. ಕನಕಪುರ ರಸ್ತೆಯಲ್ಲಿ ಮೂವತ್ತು ವರ್ಷ ಸೀಟಿ ಊದಿದವರು. ಸಭೆಗೆ ಜನ ಬಂದು ದೂರದಲ್ಲೇ ಗುಂಪುಗೂಡಿದರೆ, "ಒಳಗ್ ಹೋಗ್ರೀ, ಒಸಿ ಒಳಗ್ ಹೋಗ್ರೀ, ಒಳಗೆ ಬೇಕಾದಷ್ಟ್ ಜಾಗ ಐತೆ!" ಎಂದು ಕೂಗುತ್ತಿದ್ದರು. ಸಭೆ ನಡೆಯುತ್ತಿದ್ದದ್ದು ಬಯಲಿನ ಅರಳಿಕಟ್ಟೆಯಲ್ಲಿ. ಅಲ್ಲಿ ಒಳಗೆ ಎನ್ನುವುದೇ ಇರಲಿಲ್ಲ. ಆದರೂ ಜನ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು. ಕಾರ್ಯದರ್ಶಿ ನಾನು. ನನ್ನ ಅಕ್ಷರ ದುಂಡಗಿದೆ ಎಂಬುದೊಂದೇ ಕಾರಣ. ಆ ಕಾಲಕ್ಕೆ ನನಗೆ ಇಪ್ಪತ್ತಾರು ವರ್ಷ, ಮೂಗಿನ ತುದಿಯಲ್ಲಿ ಕೋಪ. ಕೈಗೆ ಪೆನ್ನು ಸಿಕ್ಕಿದ ಮೇಲಂತೂ ಕೇಳಬೇಕೆ, ನಿಯಮದ ಮೇಲೆ ನಿಯಮ ಬರೆದೆ.

ಸಭೆ ಯಾವಾಗ ಸೇರುವುದು ಎಂಬುದೇ ಮೊದಲ ತಕರಾರು. ರೇಷ್ಮೆ ಸಾಕುವವರಿಗೆ ಭಾನುವಾರ ಇಲ್ಲ. ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಅದು ಸೊಪ್ಪು ಮುಟ್ಟದಿರುವುದು ನಾಲ್ಕೇ ಸಲ, ಪೊರೆ ಬಿಡುವ ಮುಂಚೆ ತಲೆಯೆತ್ತಿಕೊಂಡು ಮಲಗಿದಾಗ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಹುಳಕ್ಕೆ ಜ್ವರ ಬಂದ ದಿನ ಮನೆಮಂದಿಗೆಲ್ಲ ರಜ. ಮದುವೆ ಮಾತುಕತೆ, ಆಸ್ಪತ್ರೆ, ಸೀರೆ ಖರೀದಿ ಎಲ್ಲ ಆವತ್ತೇ. ಊರಿಗೆಲ್ಲ ಒಟ್ಟಿಗೇ ಹುಳದ ಮೊಟ್ಟೆ ತರುತ್ತಿದ್ದರಿಂದ ಜ್ವರವೂ ಒಟ್ಟಿಗೇ ಬರುತ್ತಿತ್ತು. ಹೀಗಾಗಿ ನಾನು ಊರಿನ ಗೋಡೆಯ ಮೇಲೆ, 'ಮೂರನೇ ಜ್ವರದ ದಿನ ಬೆಳಿಗ್ಗೆ ಹಳ್ಳದ ಸಭೆ, ತಪ್ಪದೆ ಬನ್ನಿ' ಎಂದು ಬರೆಯುತ್ತಿದ್ದೆ. ಬೇರೆ ಸೀಮೆಯ ಬಳೆಗಾರನೊಬ್ಬ ಅದನ್ನು ಓದಿ, ಊರಲ್ಲಿ ಏನೋ ಕಾಯಿಲೆ ಹಬ್ಬಿದೆ ಎಂದು ಬಂದ ದಾರಿಯಲ್ಲೇ ವಾಪಸಾದನಂತೆ.

ಮೊದಲು ನರ್ಸರಿಯಿಂದ ಹೊಂಗೆ, ಬಿದಿರು ತಂದು ದಡಕ್ಕೆ ನೆಟ್ಟೆವು. ಬೇರು ಮಣ್ಣು ಹಿಡಿದರೆ ದಡ ನಿಲ್ಲುತ್ತದೆ ಎಂದು ಇಲಾಖೆಯವರು ಹೇಳಿದ್ದರು. ನೆಟ್ಟವರು ನಾವು, ತಿಂದವು ಮೇಕೆಗಳು. ಎರಡನೇ ವರ್ಷ ಮತ್ತೆ ನೆಟ್ಟೆವು, ಅವೇ ಮೇಕೆಗಳು ಮರಿಗಳನ್ನೂ ಕರೆದುಕೊಂಡು ಬಂದವು. ಆಗ ಅತ್ತೆ ಸಭೆಯಲ್ಲಿ ಎದ್ದು ನಿಂತು, "ಹೊಂಗೆ ಗಿಡ ಮೇಕೆ ತಿಂದ್ರೆ ನೀವ್ಯಾರೂ ಕತ್ತೆತ್ತಿ ನೋಡಲ್ಲ. ಹಿಪ್ಪುನೇರಳೆಗೆ ಬಾಯಾಕ್ಲಿ, ಮೇಕೆ ಜೊತೆ ಮೇಕೆಯವ್ನ ಕಾಲೂ ಮುರೀತೀರ. ಹಿಪ್ಪುನೇರಳೆ ಕಡ್ಡೀನೇ ನೆಡಿ" ಎಂದರು. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ತಮ್ಮ ತೋಟದಿಂದ ಒಂದೊಂದು ಕಟ್ಟು ಕಡ್ಡಿ ತಂದರು. ಅವರು ಹೇಳಿದಂತೆಯೇ ಆಯಿತು. ಒಂದು ಮೇಕೆಯೂ ಹತ್ತಿರ ಸುಳಿಯಲಿಲ್ಲ.

ಮೇಕೆಯ ಭಯ ಹೋಯಿತು, ಮನುಷ್ಯರ ಭಯ ಬಂತು. ಸೊಪ್ಪು ಸಾಲದಾದಾಗ ಹುಳು ಸಾಕುವವನ ಕಣ್ಣು ಎಲ್ಲಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತು. ಅದಕ್ಕೆ ನಿಯಮ ಬರೆದೆ: ಮೂರು ವರ್ಷ, ಕಡ್ಡಿ ಮರವಾಗುವ ತನಕ, ದಡದ ಸೊಪ್ಪನ್ನು ಯಾರೂ ಕೀಳಕೂಡದು. ಕಿತ್ತವರು ಗುಡ್ಡದ ಬುಡದ ಹಳೇ ಕ್ವಾರಿಯಿಂದ ಇಪ್ಪತ್ತೈದು ಮಂಕರಿ ಕಲ್ಲನ್ನು ತಾವೇ ಹೊತ್ತು ತಂದು ಹಳ್ಳದ ಒಡ್ಡಿಗೆ ಹಾಕಬೇಕು. ಮಂಕರಿ ಎಂದರೆ ನಾವು ಸೊಪ್ಪು ತುಂಬುವ ದೊಡ್ಡ ಬಿದಿರು ಬುಟ್ಟಿ. ಒಡ್ಡು ಎಂದರೆ ಮರಳು ನಿಲ್ಲಲಿ ಎಂದು ಹಳ್ಳಕ್ಕೆ ಅಡ್ಡ ಕಟ್ಟಲು ಹೊರಟಿದ್ದ ಕಲ್ಲಿನ ಸಾಲು. ಅದು ಶುರುವಾಗಿ ವರ್ಷವಾಗಿದ್ದರೂ ಮೊಣಕಾಲ ಎತ್ತರ ದಾಟಿರಲಿಲ್ಲ. ಮತ್ತೆ ಎರಡು ವರ್ಷ ಒಬ್ಬರೂ ಸೊಪ್ಪು ಕೀಳಲಿಲ್ಲ, ಒಬ್ಬರೂ ಕಲ್ಲು ಹೊರಲಿಲ್ಲ. ನನ್ನ ನಿಯಮ ಗೆದ್ದಿತು, ಒಡ್ಡು ಅಲ್ಲೇ ಇತ್ತು. ನಾನು ಮಾತ್ರ ಬೀಗುತ್ತಿದ್ದೆ.

ಅಷ್ಟರಲ್ಲಿ ಲಾರಿಯವರು ನಮಗಿಂತ ಚುರುಕಾದರು. ಅವರ ಏಜೆಂಟ್ ಮಾಗಡಿ ಕಡೆಯ ಒಬ್ಬ ಹುಡುಗು ಮುಖದ ಮನುಷ್ಯ, ಯಾವಾಗಲೂ ಇಸ್ತ್ರಿ ಮಾಡಿದ ಶರ್ಟು. ಹಳ್ಳಕ್ಕಿಳಿಯುವ ಬಂಡಿದಾರಿಗೆ ಅಡ್ಡ ನಾಲ್ಕು ಜನ ಕೂತರೆ ಲಾರಿ ತಿರುಗಿಸಿಕೊಂಡು ಹೋಗುತ್ತಿದ್ದ, ಜಗಳವಾಡುತ್ತಿರಲಿಲ್ಲ. ಆದರೆ ಟೀ ಅಂಗಡಿಯಲ್ಲಿ ಕೂತು, "ಹುಳ ಹೆಂಗವೆ ಯಜಮಾನ್ರೇ? ಯಾವ್ ಜ್ವರ?" ಎಂದು ವಿಚಾರಿಸುತ್ತಿದ್ದ. ಎಷ್ಟು ಒಳ್ಳೆಯವನಪ್ಪ ಎಂದು ನಮ್ಮವರು ಸವಿಸ್ತಾರವಾಗಿ ಹೇಳುತ್ತಿದ್ದರು. ನಾಲ್ಕನೇ ಜ್ವರದಿಂದ ಎದ್ದು ಹುಳು ಹಗಲಿರುಳು ತಿನ್ನುವ ಆ ಒಂದು ವಾರ, ಊರಿನಲ್ಲಿ ಒಬ್ಬರಿಗೂ ಬೆನ್ನು ಕೆರೆದುಕೊಳ್ಳಲು ಪುರುಸೊತ್ತಿಲ್ಲದ ಆ ವಾರ, ಹಾಡುಹಗಲೇ ಲಾರಿಗಳು ಬಂದು ತುಂಬಿಕೊಂಡು ಹೋಗುತ್ತಿದ್ದವು. ಮೂರು ಬೆಳೆ ಹೀಗೇ ಆದ ಮೇಲೆ ನಮಗೆ ಬುದ್ಧಿ ಬಂತು.

ಉಪಾಯ ನನ್ನದೇ. ಮೇಲಿನ ಕೇರಿಯವರು ಮೊಟ್ಟೆಯನ್ನು ಎರಡು ವಾರ ಮೊದಲು ತರುವುದು, ಕೆಳಗಿನ ಕೇರಿಯವರು ಆಮೇಲೆ ತರುವುದು. ಒಂದು ಕೇರಿ ಸೊಪ್ಪು ಹಾಕುತ್ತಿದ್ದರೆ ಇನ್ನೊಂದು ಕೇರಿ ಹಳ್ಳ ಕಾಯುತ್ತದೆ. ಅಧ್ಯಕ್ಷರು, "ಎರಡು ಶಿಫ್ಟು! ಡಿಪೋದಲ್ಲೂ ಹಿಂಗೇ ಇತ್ತು" ಎಂದು ಸೀಟಿ ಊದಿಯೇ ಬಿಟ್ಟರು. ಚಪ್ಪಾಳೆ ಬಿತ್ತು. ಕಾಯಲು ಯಾರು ಎಂದು ನಾವು ಲೆಕ್ಕ ಹಾಕಿದೆವು, ಸೊಪ್ಪು ಎಲ್ಲಿಂದ ಎಂದು ಹಾಕಲಿಲ್ಲ. ಹುಟ್ಟಿದಾಗಿನಿಂದ ಸೊಪ್ಪು ಕೊಯ್ದವರೇ ಕೂತಿದ್ದ ಸಭೆಯಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಆದದ್ದು ಇಷ್ಟು. ಮೇಲಿನ ಕೇರಿಯವರು ಎರಡು ವಾರ ಮುಂಚೆ ಮೊಟ್ಟೆ ತಂದರು, ಅವರ ತೋಟದ ಸೊಪ್ಪು ಇನ್ನೂ ಬಂದಿರಲಿಲ್ಲ. ಕೊನೆಯ ವಾರ ಕೆಳಗಿನ ಕೇರಿಗೆ ಬಂದು ಕೈಬದಲು ಸೊಪ್ಪು ಕೇಳಿದರು. ಅತ್ತೆ ಎಂದೂ ಇಲ್ಲ ಎಂದವರಲ್ಲ. "ತಗೊಂಡೋಗ್ರಪ್ಪ, ಹುಳ ಉಪವಾಸ ಇರ್ಬಾರ್ದು" ಎಂದು ನಮ್ಮ ತೋಟದ ಅರ್ಧ ಕೊಟ್ಟರು. ನಮ್ಮ ಸರದಿ ಬಂದಾಗ ಅವರ ತೋಟಗಳೆಲ್ಲ ಬುಡಕ್ಕೆ ಸವರಿ ಬೋಳಾಗಿದ್ದವು. ಅವರು ಕೊಡಲಾರೆವೆನ್ನಲಿಲ್ಲ, ಕೊಡಲು ಏನೂ ಇರಲಿಲ್ಲ.

ಆ ಬೆಳೆ ನಮ್ಮ ಮನೆಗೆ ಬೇರೆ ಬೆಳೆಗಳ ಹಾಗಲ್ಲ. ಅತ್ತೆಯ ಕೈಗುಣ ಸುತ್ತಲಿನ ಊರಿಗೆಲ್ಲ ಗೊತ್ತಿದ್ದದ್ದು. ಅವರು ಮುಟ್ಟಿದ ತಟ್ಟೆಯ ಹುಳು ಸಾಯುವುದಿಲ್ಲ ಎನ್ನುತ್ತಿದ್ದರು. ಆದರೆ ಹಿಂದಿನ ಎರಡು ಬೆಳೆ ಸಪ್ಪೆ ರೋಗ ಬಂದು ಹುಳುಗಳನ್ನು ಗುಂಡಿಗೆ ಸುರಿದಿದ್ದೆವು. ಅವರ ಕೈ ಹೋಯಿತು ಎಂದು ಜನ ಮಾತಾಡಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು. ನನ್ನ ಯಜಮಾನರಿಗೆ ಸಾಕಾಗಿತ್ತು. ಆ ಇಸ್ತ್ರಿ ಶರ್ಟಿನ ಏಜೆಂಟ್ ಬಂದು, ಹಳ್ಳದ ದಡದ ತೋಟವನ್ನು ಮರಳು ರಾಶಿ ಹಾಕಲು ಬಾಡಿಗೆಗೆ ಕೊಡಿ ಎಂದು ಕೇಳಿದ್ದ. "ಇದೊಂದು ಬೆಳೆ ನೋಡೋಣ ಅವ್ವ. ಇದೂ ಹೋದ್ರೆ ಗಿಡ ಕೀಳ್ಸಿ ಅವ್ನಿಗೇ ಕೊಟ್ಬುಡ್ತೀನಿ" ಎಂದು ಯಜಮಾನರು ಹೇಳಿಬಿಟ್ಟಿದ್ದರು. ನಮ್ಮ ತೋಟ ಸಿಕ್ಕಿದರೆ ಲಾರಿಗೆ ಹಳ್ಳಕ್ಕಿಳಿಯಲು ಸ್ವಂತ ದಾರಿಯೇ ಸಿಕ್ಕಂತೆ. ಆಮೇಲೆ ಯಾರು ಎಲ್ಲಿ ಅಡ್ಡ ಕೂತರೇನು? ಸಮಿತಿಯ ಕಾರ್ಯದರ್ಶಿಯ ಮನೆಯಿಂದಲೇ ಹಳ್ಳ ಹೋಗುತ್ತಿತ್ತು.

ನಾಲ್ಕನೇ ಜ್ವರ ಎದ್ದು ಐದನೇ ದಿನ ನಮ್ಮ ಸೊಪ್ಪು ಮುಗಿಯಿತು. ಹುಳು ಹಣ್ಣಾಗಲು ಇನ್ನೆರಡು ದಿನ. ಯಜಮಾನರು ಹೊಂಗನೂರಿನ ತನಕ ಮೊಪೆಡ್ಡಿನಲ್ಲಿ ಅಲೆದು ಒಂದು ಹೊರೆ ತಂದರು, ಅದೂ ಬಲಿತು ಒರಟಾದ ಸೊಪ್ಪು. ಹುಳುಮನೆಯಲ್ಲಿ ಹುಳು ಸೊಪ್ಪು ತಿನ್ನುವಾಗ ಸಣ್ಣ ಮಳೆಯ ಹಾಗೆ ಸದ್ದು ಬರುತ್ತದೆ. ಆವತ್ತು ಸದ್ದು ನಿಂತಿತ್ತು. ಹುಳುಗಳು ತಟ್ಟೆಯ ಅಂಚಿಗೆ ಬಂದು ತಲೆ ಆಡಿಸುತ್ತಿದ್ದವು. ದಡದಲ್ಲಿ ನನ್ನ ನಿಯಮದ ಹಿಪ್ಪುನೇರಳೆ ಆಳೆತ್ತರ ಬೆಳೆದು ಕಪ್ಪು ಹಸಿರು ಎಲೆ ಬಿಟ್ಟುಕೊಂಡು ನಿಂತಿತ್ತು.

"ಕಿತ್ರೆ ಎಷ್ಟು ಮಂಕರಿ ಅಂತ ಬರ್ದಿದ್ದೀಯ?" ಎಂದು ಅತ್ತೆ ಬೆಳಿಗ್ಗೆ ಕೇಳಿದರು.

"ಇಪ್ಪತ್ತೈದು. ಆದ್ರೆ ಅತ್ತೆ, ಅದು ಕಿತ್ತವರಿಗೆ ದಂಡ. ಕೀಳೋಕೆ ಪರ್ಮಿಶನ್ ಅಲ್ಲ" ಎಂದೆ. ನನಗೆ ಅವರ ಮುಖ ನೋಡಿದರೇ ಗೊತ್ತಾಯಿತು.

"ದಂಡ ಮೊದ್ಲು ಕಟ್ಟಬಾರ್ದು ಅಂತ ಬರ್ದಿದ್ದೀಯಾ?"

ಬರೆದಿರಲಿಲ್ಲ. ಹಾಗೂ ಒಬ್ಬರು ಇರುತ್ತಾರೆಂದು ಯಾರು ಅಂದುಕೊಳ್ಳುತ್ತಾರೆ? ಅತ್ತೆ ಸೀರೆ ಎತ್ತಿ ಕಟ್ಟಿ, ತಲೆಗೆ ಸಿಂಬೆ ಇಟ್ಟುಕೊಂಡು, ಮಂಕರಿ ತೆಗೆದುಕೊಂಡು ಕ್ವಾರಿಯ ಕಡೆ ನಡೆದೇಬಿಟ್ಟರು. ಅರವತ್ತು ದಾಟಿದ ಹೆಂಗಸು. ನಾನು ಹಿಂದೆಯೇ ಓಡಿ, ಜಗಳವಾಡಿ, ಸೋತು, ಒಡ್ಡಿನ ಹತ್ತಿರದ ಬಂಡೆಯ ಮೇಲೆ ಕೂತು ಇದ್ದಿಲಲ್ಲಿ ಗೀಟು ಎಳೆದೆ. ಹೌದು, ಎಣಿಸಿದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಊರೆಲ್ಲ ನೋಡುತ್ತಿರುವಾಗ ನಮ್ಮತ್ತೆ ಎಂದು ಬಿಟ್ಟರೆ ನಾಳೆ ಯಾರಿಗೆ ಹೇಳುವುದು ಎಂಬುದು ನನ್ನ ವಾದ. ಯಜಮಾನರು ಬಂದು, "ನಿನ್ ರೂಲ್ ತಗೊಂಡೋಗಿ ಒಲೆಗ್ ಹಾಕು" ಎಂದು ಕೂಗಾಡಿದರು. ಅವ್ವನ ಕೈಯಿಂದ ಮಂಕರಿ ಕಿತ್ತುಕೊಳ್ಳಲು ಹೋದರೆ ಅವ್ವ ಅವರಿಗೂ ಬೈದರು.

ಹತ್ತು ಮಂಕರಿಯಾಗುವಷ್ಟರಲ್ಲಿ ಊರು ಸೇರಿತ್ತು. ಹದಿನಾರಕ್ಕೆ ಅತ್ತೆಯ ಕಾಲು ನಡುಗುವುದು ಕಾಣಿಸಿತು. ನನ್ನಿಂದ ತಡೆಯಲಾಗಲಿಲ್ಲ. ಇದ್ದಿಲು ಬಿಸಾಕಿ ಓಡಿಹೋಗಿ, "ಕೊಡಿ ಅತ್ತೆ, ಉಳಿದದ್ದು ನಾನು ಹೊರ್ತೀನಿ" ಎಂದೆ. ಅಳು ಬಂದಿತ್ತು.

"ತಾವೇ ಹೊರ್ಬೇಕು ಅಂತ ಬರ್ದಿರೋಳು ನೀನೇ ಅಲ್ವಾ? ಹೋಗು, ಗೀಟೆಳಿ. ಹದಿನೇಳು ಆಯ್ತು" ಎಂದರು. ಹದಿನಾರೇ ಆಗಿತ್ತು. ನಾನು ಹದಿನೇಳನೆಯ ಗೀಟು ಎಳೆದೆ. ಕಾರ್ಯದರ್ಶಿಯಾಗಿ ನಾನು ಮಾಡಿದ ಒಂದೇ ಒಂದು ಮೋಸ ಅದು.

ಕೊನೆಯ ಮಂಕರಿ ಒಡ್ಡಿಗೆ ಸುರಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಅತ್ತೆ ಅಲ್ಲೇ ಮರಳಿನ ಮೇಲೆ ಕೂತು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು, "ಟಿಕೆಟ್ ತಗೊಂಡಾಯ್ತಲ್ಲ ತಾಯಿ, ಇನ್ ಹತ್ತಿ" ಎಂದರು. ಕೇರಿಯ ಹೆಂಗಸರೇ ಕುಡುಗೋಲು ಹಿಡಿದು ದಡಕ್ಕೆ ನುಗ್ಗಿದರು. ಬುಡ ಮುಟ್ಟಬೇಡಿ, ತುದಿ ಮಾತ್ರ ಎಂದು ಅತ್ತೆ ಕೂತಲ್ಲಿಂದಲೇ ಕೂಗುತ್ತಿದ್ದರು. ಒಂದು ಗಂಟೆಯ ಮೇಲೆ ಹುಳುಮನೆಯಲ್ಲಿ ಆ ಸಣ್ಣ ಮಳೆಯ ಸದ್ದು ಮತ್ತೆ ಕೇಳಿತು. ಅತ್ತೆ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದರು. ನಾನೂ ಕೇಳಿದೆ, ಅಷ್ಟು ಖುಷಿ ನನ್ನ ಮದುವೆಯ ವಾಲಗಕ್ಕೂ ಆಗಿರಲಿಲ್ಲ.

ಮೂರನೆಯ ದಿನ ಹುಳು ಹಣ್ಣಾಯಿತು. ಹಣ್ಣಾಗುವುದೆಂದರೆ ಮೈ ಹಳದಿಯಾಗಿ ಗೂಡು ಕಟ್ಟಲು ಸಿದ್ಧವಾಗುವುದು. ಅದು ಎಲ್ಲವೂ ಒಟ್ಟಿಗೇ ಆಗುತ್ತದೆ, ತಡಮಾಡಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಸುರುಳಿ ಸುರುಳಿಯ ಬಿದಿರು ತಟ್ಟಿಗೆ, ಬಿಡಬೇಕು. ಆವತ್ತು ಮನೆಗೆ ಯಾರೇ ಬರಲಿ, ನೆಂಟನೋ, ಪೋಸ್ಟ್‌ಮನ್ನೋ, ಕಾಲು ತೊಳೆಸಿ ಕೆಲಸಕ್ಕೆ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಸರಿಯಾಗಿ ಆ ಹೊತ್ತಿಗೆ ಏಜೆಂಟ್ ಬಂದ. ತೋಟದ ವಿಷಯ ಕೇಳಿಕೊಂಡು ಹೋಗಲು ಬಂದಿದ್ದ.

ಯಜಮಾನರು ಬಾಯಿ ತೆರೆಯುವ ಮೊದಲೇ ಅತ್ತೆ, "ನಿಂತ್ಕೊಂಡ್ ಏನ್ ನೋಡ್ತೀಯಪ್ಪ? ಕಾಲ್ ತೊಳ್ಕೊಂಡ್ ಬಾ, ಆ ತಟ್ಟೆ ನಿಂದು" ಎಂದರು. ಅವನು ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಶರ್ಟಿನ ತೋಳು ಮಡಚಿ ಕೂತ. ನಾವು ಅವನಿಗೆ ಹೇಳಿಕೊಡಬೇಕಾಗಲಿಲ್ಲ. ಹುಳುವನ್ನು ಬೆಳಕಿಗೆ ಹಿಡಿದು, ಕತ್ತು ನೋಡಿ, ಹಣ್ಣಾದದ್ದನ್ನು ಮಾತ್ರ ಎತ್ತಿ ನಮಗಿಂತ ಬೇಗ ಬೇಗ ಆರಿಸತೊಡಗಿದ. ಅತ್ತೆ ಅವನ ಕೈಯನ್ನೇ ನೋಡುತ್ತಿದ್ದರು.

"ಯಾರ್ ಕಲಿಸಿದ್ದು?" ಎಂದು ಕೇಳಿದರು.

"ನಮ್ಮವ್ವ" ಎಂದ. "ಈಗ ಸಾಕಲ್ಲ. ಆರ್ ವರ್ಷ ಆಯ್ತು. ಬಾವೀಲಿ ನೀರಿಲ್ಲ. ನಮ್ಮೂರಲ್ಲೂ ಇಂಥದ್ದೇ ಒಂದ್ ಹಳ್ಳ ಇತ್ತು." ತಟ್ಟೆಯಿಂದ ತಲೆಯೆತ್ತದೆ ಹೇಳಿದ: "ಮೊದಲ್ನೇ ಲೋಡು ತುಂಬ್ದೋನು ನಾನೇ."

ಸಂಜೆಯ ತನಕ ಆರಿಸಿದ. ಕೈ ತೊಳೆದು ಹೊರಡುವಾಗ ಯಜಮಾನರೇ ಬಾಗಿಲ ತನಕ ಹೋಗಿ, "ತೋಟ ಕೊಡಲ್ಲ ಕಣಪ್ಪ. ತಪ್ಪು ತಿಳ್ಕೋಬ್ಯಾಡ" ಎಂದರು. ಅವನು, "ಗೊತ್ತು ಬುಡಿ. ಈ ಹಳ್ಳಕ್ಕೆ ಇನ್ ಬರಲ್ಲ" ಎಂದ. ನನಗೆ ಎದ್ದು ಕುಣಿಯಬೇಕೆನಿಸಿತು. ಒಡ್ಡು ಕಟ್ಟಿ, ಕಾವಲು ಕೂತು, ಅರ್ಜಿ ಬರೆದು ಆಗದ್ದು ಒಂದು ತಟ್ಟೆ ಹುಳುವಿನಿಂದ ಆಗಿತ್ತು.

ಅತ್ತೆ ಮಾತ್ರ ನಗಲಿಲ್ಲ. "ಹಂಗಾರೆ ಇನ್ ಯಾವೂರ್ ಹಳ್ಳಕ್ಕೆ ಹೋಯ್ತೀಯ?" ಎಂದು ಕೇಳಿದರು.

ಲಾರಿ ಮಾಲೀಕರು ಬಿಡುವುದಿಲ್ಲವೆಂದೂ, ಬೇರೆ ಜಾಗ ಗೊತ್ತಾಗಿದೆಯೆಂದೂ ಹೇಳಿ, ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಆಚೆಗಿನ ಒಂದು ಸಣ್ಣ ಊರಿನ ಹೆಸರು ಹೇಳಿದ. ಅದು ನನ್ನ ತವರು. ನಾನು ಈಜು ಕಲಿತದ್ದು ಆ ಹಳ್ಳದಲ್ಲಿ. ನಮ್ಮದು ಉಳಿಯಿತೆಂದು ಕುಣಿಯಲು ಹೊರಟವಳಿಗೆ, ಅದು ಯಾರದೋ ಮೇಲೆ ಹೋಗಿ ಬೀಳುತ್ತದೆ ಎಂಬುದು ಅಲ್ಲಿಯ ತನಕ ಹೊಳೆದಿರಲಿಲ್ಲ.

ಅಂಗಡಿಯ ಕಾಯಿನ್ ಫೋನಿಗೆ ಓಡಿ ಅಣ್ಣನಿಗೆ ಫೋನು ಮಾಡಿದೆ. "ಹೂಂ, ಬಂದಿದ್ರು. ಒಳ್ಳೆ ಜನ. ದಾರಿ ಬುಡ್ತೀವಿ ಅಂತ ಒಪ್ಕೊಂಡ್ಬುಟ್ವಲ್ಲ" ಎಂದ.

"ಒಪ್ಕೊಂಡಿರೋದು ನೀವು, ನಾನಲ್ಲ. ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ. ಅಲ್ಲೀಗಂಟ ಒಂದ್ ಬುಟ್ಟಿ ಮರಳು ಎತ್ತಿದ್ರೆ ನಿನ್ನ ಸುಮ್ನೆ ಬುಡಲ್ಲ" ಎಂದು ಕೂಗಿದೆ. ಅಂಗಡಿಯವನು ಬೆಚ್ಚಿಬಿದ್ದ. ಅಣ್ಣ ಏನೋ ಹೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ನಾನೊಬ್ಬಳೇ ಹೋಗಿ ಏನು ಮಾಡುವುದು, ಅಲ್ಲಿ ನನ್ನ ಮಾತು ಯಾರು ಕೇಳುತ್ತಾರೆ ಎಂದು ಅಂದುಕೊಳ್ಳುತ್ತಲೇ ಮನೆಗೆ ಬಂದೆ. ಇನ್ನೂ ದೀಪ ಹಚ್ಚುವ ಹೊತ್ತು, ಬಸ್ಸಿರುವುದು ಮರುದಿನ ಬೆಳಿಗ್ಗೆ. ಅತ್ತೆ ಕಲ್ಲು ಹೊತ್ತು ಊದಿಕೊಂಡಿದ್ದ ಕತ್ತಿಗೆ ಎಣ್ಣೆ ಸವರಿಕೊಂಡು, ಬೇರೆ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಆಗಲೇ ಜಗಲಿಯ ಮೇಲೆ ಕೂತಿದ್ದರು.